ಅಪ್‌ಡೇಟ್: ಗೆಳೆಯನಿಗೆ ಕೋಡ್ ಕೊಟ್ಟ ವಿಷಯ
ಲಿಂಕ್ಡ್ ಲಿಸ್ಟ್ (ಒಂದಕ್ಕೊಂದು ಕೊಂಡಿ ಹಾಕಿದ ದತ್ತಾಂಶದ ಪಟ್ಟಿ) ಅಸೈನ್‌ಮೆಂಟಿನ ನನ್ನ ಕೋಡನ್ನು ಗೆಳೆಯನಿಗೆ ಕಳುಹಿಸಿದ್ದೆ, ನಕಲು ಎಂದು ಇಬ್ಬರಿಗೂ ನೋಟಿಸ್ ಬಂದಿದೆ, ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ನೀವು ಹೇಳಿದಂತೆ ಮೇಡಂ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಪರದೆಯನ್ನು ನನ್ನತ್ತ ತಿರುಗಿಸಿದರು: ಎಡಕ್ಕೆ ನನ್ನದು, ಬಲಕ್ಕೆ ಅವನದು. ವೇರಿಯಬಲ್‌ಗಳ ಹೆಸರನ್ನೆಲ್ಲ ಅವನು ಬದಲಿಸಿದ್ದ. ಆದರೆ ಕೋಡ್ ನಕಲನ್ನು ಪತ್ತೆಹಚ್ಚಲು 1994ರಲ್ಲಿ ರೂಪುಗೊಂಡ ಮಾಸ್ ತಂತ್ರಾಂಶ ಹೆಸರುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಕೋಡಿನ ರಚನೆಯನ್ನು ಹೋಲಿಸುತ್ತದೆ. ಪಟ್ಟಿಯ ಕೊನೆಯ ನೋಡ್ (ಪಟ್ಟಿಯ ಒಂದು ಘಟಕ) ಅಳಿಸುವಲ್ಲಿ ನಾನು ಮಾಡಿದ್ದ ತಪ್ಪು ಕೂಡ ಅವನದರಲ್ಲಿ ಹಾಗೆಯೇ ಇತ್ತು. ನನಗೆ ತಲೆ ಎತ್ತಲಾಗಲಿಲ್ಲ.

ಇಬ್ಬರಿಗೂ ಸೊನ್ನೆ. ಕೊಟ್ಟವರಿಗೂ ಪಡೆದವರಿಗೂ ಒಂದೇ ಶಿಕ್ಷೆ ಎಂದು ಮೊದಲ ದಿನ ಹಂಚಿದ ನಿಯಮಗಳಲ್ಲೇ ಇತ್ತು, ನಾನು ಓದಿರಲಿಲ್ಲ. ಶಿಕ್ಷೆ ನ್ಯಾಯವಾದದ್ದೇ. ಗೆಳೆಯ ಇನ್ನೂ ಮಾತನಾಡುತ್ತಿಲ್ಲ, ನೋವಿರುವುದು ಅದಕ್ಕೆ. ಶನಿವಾರ ಕುಳಿತು ಪಾಯಿಂಟರುಗಳನ್ನು (ಒಂದು ನೋಡಿನಿಂದ ಇನ್ನೊಂದಕ್ಕೆ ಇರುವ ಕೊಂಡಿಗಳನ್ನು) ಕಾಗದದ ಮೇಲೆ ಬಿಡಿಸಿ ಕಲಿಯೋಣ ಬಾ ಎಂದು ಮೆಸೇಜ್ ಕಳುಹಿಸಿದ್ದೇನೆ.