ಪದಚರ್ಚೆ: ‘ವಿಚಾರಣಾ ಗುರು’ ಯಾರನ್ನು ವಿಚಾರಿಸುತ್ತಾರೆ?

ನಮಸ್ಕಾರ.

ಹೋದ ವಾರ ಗೆಳೆಯರ ಮಗಳ ಮದುವೆ ಕರೆಯೋಲೆಯ ಕರಡು ತಿದ್ದಲು ನನ್ನ ಕೈಗೆ ಬಂತು. ಕ್ಯಾಥೊಲಿಕ್ ಮನೆ, ಬೆಂಗಳೂರಿನವರು. ಕೊನೆಯ ಸಾಲಿನಲ್ಲಿ ‘ವಿಚಾರಣಾ ಗುರುಗಳು’ ಎಂದಿತ್ತು. ಪ್ರೆಸ್ಸಿನ ಹುಡುಗ ಅದರ ಸುತ್ತ ಪೆನ್ಸಿಲಿನಲ್ಲಿ ಗುಂಡು ಸುತ್ತಿದ್ದ. ‘ಸಾರ್, ಇದು ಪೊಲೀಸ್ ಸ್ಟೇಷನ್ ಮಾತಲ್ವಾ?’ ಅಂದ.

ನನಗೆ ನಗು ಬಂತು. ಆದರೆ ಅವನ ತಪ್ಪೇನೂ ಇಲ್ಲ. ಪೇಪರಿನಲ್ಲಿ ವಿಚಾರಣೆ ಅಂದರೆ ಕೋರ್ಟು, ಇಲ್ಲವೇ ಲೋಕಾಯುಕ್ತ.

ಮನೆಮಾತಿನಲ್ಲಿ ಹಾಗಲ್ಲ. ‘ಬೀಗರು ನಮ್ಮನ್ನು ಚೆನ್ನಾಗಿ ವಿಚಾರಿಸಿಕೊಂಡರು’ ಅಂದರೆ ಊಟ, ಹಾಸಿಗೆ, ಬಿಸಿನೀರು ಎಲ್ಲ ನೋಡಿಕೊಂಡರು ಅಂತ. ಒಂದು ಚರ್ಚಿಗೆ ಸೇರಿದ ಮನೆಗಳ ಯೋಗಕ್ಷೇಮ ನೋಡುವವರು ವಿಚಾರಣಾ ಗುರು. ಅವರ ಸುಪರ್ದಿನ ಊರುಕೇರಿ ‘ವಿಚಾರಣೆ’. ತಮಿಳು ಕ್ರೈಸ್ತರಲ್ಲೂ ಈ ಹಳೆಯ ಬಳಕೆ ಇದೆ. ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ಪ್ಯಾರಿಸ್ ಮಿಷನ್ನಿನ ಫ್ರೆಂಚ್ ಪಾದ್ರಿಗಳ ಭಾಷೆಯಲ್ಲಿ ಈ ಗುರುವನ್ನು ‘ಕ್ಯುರೆ’ ಅನ್ನುತ್ತಾರೆ. ಅದರ ಬೇರು ಲ್ಯಾಟಿನ್ನಿನ ‘ಕೂರಾ’, ಅಂದರೆ ಆರೈಕೆ. ನಮ್ಮ ಪದಕ್ಕೂ ಅದಕ್ಕೂ ನಂಟಿದೆ ಅಂತ ನನ್ನ ಊಹೆ, ಅಷ್ಟೇ.

‘ವಿಚಾರಣೆ’ಯ ಬದಲು ಈಗ ಅಚ್ಚಿನಲ್ಲಿ ಜಾಸ್ತಿ ಕಾಣುವುದು ‘ಧರ್ಮಕೇಂದ್ರ’. ಅರ್ಥ ಸಲೀಸು, ನಿಜ. ಆದರೆ ಕೇಂದ್ರ ಅಂದರೆ ಕಟ್ಟಡ ಕಣ್ಣಿಗೆ ಬರುತ್ತದೆ, ಜನ ಬರುವುದಿಲ್ಲ. ಕರಾವಳಿಯ ಕೊಂಕಣಿಯವರ ‘ಫಿರ್ಗಜ್’ ಜನರನ್ನೇ ಹಿಡಿದುಕೊಂಡಿದೆ. ಅದು ಪೋರ್ಚುಗೀಸರ ‘ಫ್ರೆಗೆಜಿಯಾ’. ಅದರ ಹಿಂದಿರುವುದು ‘ಚರ್ಚಿನ ಮಕ್ಕಳು’ ಎಂಬ ಲ್ಯಾಟಿನ್ ಮಾತು. ಪೋರ್ಚುಗೀಸಿನಲ್ಲಿ ‘ಫ್ರೆಗೇಶ್’ ಅಂದರೆ ಅಂಗಡಿಯ ಗಿರಾಕಿಯೂ ಹೌದು!

ಮೇಲಿನ ಹಂತದಲ್ಲಿ ಗೊಂದಲ ಇನ್ನೂ ಜಾಸ್ತಿ. ಬಿಷಪ್ಪರ ಆಡಳಿತದ ಸೀಮೆಗೆ ಮಂಗಳೂರು ಕಡೆ ‘ಧರ್ಮಪ್ರಾಂತ್ಯ’, ಬೆಂಗಳೂರು ಮೈಸೂರು ಕಡೆ ‘ಧರ್ಮಕ್ಷೇತ್ರ’. ಎರಡನೆಯದು ಕೇಳಿದರೆ ನನಗೆ ಮೊದಲು ನೆನಪಾಗುವುದು ಗೀತೆಯ ಮೊದಲ ಶ್ಲೋಕ. ಆದರೂ ನನ್ನ ಓಟು ಅದಕ್ಕೇ. ಯಾಕೆಂದರೆ ಹಲವು ಬಿಷಪ್ಪರ ಸೀಮೆಗಳು ಸೇರಿದ ಗುಂಪಿಗೆ ಚರ್ಚಿನ ಕಾನೂನಿನಲ್ಲಿ ಬೇರೆ ಹೆಸರೇ ಇದೆ, ‘ಪ್ರಾವಿನ್ಸ್’. ‘ಪ್ರಾಂತ್ಯ’ವನ್ನು ಕೆಳಗೇ ಖರ್ಚು ಮಾಡಿಬಿಟ್ಟರೆ ಇದಕ್ಕೆ ಏನು ಉಳಿಯಿತು?

‘ಮಹಾ’ ತಂದಿಡುವ ತೊಂದರೆ ಬೇರೆ. 1940ರಲ್ಲಿ ಮೈಸೂರು, ಬೆಂಗಳೂರು ಬೇರೆಬೇರೆ ಧರ್ಮಕ್ಷೇತ್ರಗಳಾದವು. 1953ರಲ್ಲಿ ಬೆಂಗಳೂರು ‘ಮಹಾಧರ್ಮಕ್ಷೇತ್ರ’, ಅಂದರೆ ಆರ್ಚ್‌ಬಿಷಪ್ಪರ ಸೀಮೆ ಆಯಿತು. ಹೆಸರು ಕೇಳಿದವರು ಮಂಗಳೂರು, ಶಿವಮೊಗ್ಗ, ಬಳ್ಳಾರಿ ಎಲ್ಲ ಅದರ ಹೊಟ್ಟೆಯೊಳಗಿವೆ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಅದರ ಸೀಮೆ ಬೆಂಗಳೂರು, ತುಮಕೂರು, ಕೋಲಾರದ ಸುತ್ತಮುತ್ತ ಅಷ್ಟೇ. ಮಂಗಳೂರಿನ ಬಿಷಪ್ಪರು ತಮ್ಮ ಸೀಮೆಗೆ ತಾವೇ ಯಜಮಾನರು. ಅಲ್ಲಿನ ಒಬ್ಬ ಪಾದ್ರಿಯ ವರ್ಗಾವಣೆಗೆ ಬೆಂಗಳೂರಿನ ಸಹಿ ಬೇಕಿಲ್ಲ. ಬೆಂಗಳೂರಿನ ಆರ್ಚ್‌ಬಿಷಪ್ಪರು ಪ್ರಾವಿನ್ಸಿನಲ್ಲಿ ಹಿರಿಯಣ್ಣ, ಮೇಲಧಿಕಾರಿಯಲ್ಲ.

ಕರೆಯೋಲೆಯಲ್ಲಿ ‘ವಿಚಾರಣಾ ಗುರುಗಳು’ ಹಾಗೇ ಉಳಿಯಿತು. ಹುಡುಗಿಯ ಅಜ್ಜಿ ಬೇರೆ ಪದಕ್ಕೆ ಒಪ್ಪಲಿಲ್ಲ.

ನನ್ನ ಪ್ರಶ್ನೆ ಎರಡು. ಹಾಸನ, ಕೊಡಗು, ರಾಯಚೂರು ಕಡೆ ‘ವಿಚಾರಣೆ’ ಈ ಅರ್ಥದಲ್ಲಿ ಇನ್ನೂ ಬಾಯಲ್ಲಿದೆಯಾ? ಮತ್ತೆ, ಆ ‘ಪ್ರಾವಿನ್ಸ್’ಗೆ ನೀವು ಏನು ಬರೆಯುತ್ತೀರಿ?