ಕರುಳಿನ ಕಾಯಿಲೆಗೆ ಮನೆಯಿಂದಲೇ ನಿಗಾ: ತಂದೆಯವರನ್ನು ಒಪ್ಪಿಸುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ):
ನಮ್ಮ ತಂದೆಯವರಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಇದ್ದು, ಮೆಸಾಲಮೈನ್ ಮಾತ್ರೆಯಿಂದ ಸದ್ಯ ಹತೋಟಿಯಲ್ಲಿದೆ. ಪದೇ ಪದೇ ಶಿವಮೊಗ್ಗಕ್ಕೆ ಬರುವ ಬದಲು ವಾರಕ್ಕೊಮ್ಮೆ ಮೊಬೈಲಿನಲ್ಲಿ ಕೆಲವು ಪ್ರಶ್ನೆಗಳಿಗೆ ಉತ್ತರಿಸಿ, ಆಗಾಗ ಕರುಳಿನ ಉರಿಯೂತ ತಿಳಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿ ವರದಿ ಕಳುಹಿಸಿದರೆ ಸಾಕೆಂದು ವೈದ್ಯರು ಸೂಚಿಸಿದ್ದಾರೆ. ಬಸ್ಸಿನಲ್ಲಿ ಎಲ್ಲಿ ಶೌಚಕ್ಕೆ ಅವಸರವಾಗುತ್ತದೋ ಎಂಬ ಅಂಜಿಕೆಯಿಂದ ಹಿಂದಿನ ರಾತ್ರಿಯೇ ಊಟ ಬಿಡುವ ಅವರು ಇದನ್ನು ಸಂತೋಷದಿಂದ ಒಪ್ಪುತ್ತಾರೆಂದು ಭಾವಿಸಿದ್ದೆ. "ಹೊಟ್ಟೆ ಮುಟ್ಟಿ ನೋಡದ ಡಾಕ್ಟರು ಎಂಥ ಡಾಕ್ಟರು ಮಾರಾಯ" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಸಾಗರ):
ಕ್ರೋನ್ಸ್ ಎಂಬ, ಕರುಳಿನ ಇನ್ನೊಂದು ಉರಿಯೂತದ ಕಾಯಿಲೆಗೆ ನಾನೂ ಇದೇ ಕ್ರಮದಲ್ಲಿದ್ದೇನೆ. ಕಳುಹಿಸಿದ್ದನ್ನು ಯಾರಾದರೂ ನೋಡಿದರೋ ಇಲ್ಲವೋ ತಿಳಿಯದಿದ್ದರೆ ಎಂಥವರಿಗೂ ಬೇಸರ ಬರುತ್ತದೆ. ರಾತ್ರಿ ನಿದ್ದೆಯಿಂದೆದ್ದು ಶೌಚಕ್ಕೆ ಹೋಗಬೇಕಾಯಿತೆಂದು ನಾನು ಗುರುತು ಹಾಕಿದ ಮರುದಿನವೇ ನರ್ಸ್ ಕರೆ ಮಾಡಿ, ರಕ್ತ ಬಿದ್ದಿತ್ತೇ, ಜ್ವರವಿದೆಯೇ, ನೋವಿನ ಮಾತ್ರೆ ನುಂಗಿದ್ದಿರಾ ಎಂದು ಒಂದೊಂದಾಗಿ ವಿಚಾರಿಸಿದ ಮೇಲೆಯೇ ನನಗೆ ನಂಬಿಕೆ ಬಂದದ್ದು. ಮಾದರಿ ತೆಗೆಯುವ ಮುಜುಗರ ಮಾತ್ರ ಹಾಗೆಯೇ ಇದೆ: ನೀರು ತಾಗದಂತೆ ಪೇಪರ್ ಹಾಸಿ, ಮುಚ್ಚಳಕ್ಕಂಟಿದ ಪುಟ್ಟ ಚಮಚದಿಂದ ತೆಗೆದು, ಆ ಡಬ್ಬಿಯನ್ನು ಕೂಡುಕುಟುಂಬದ ಮನೆಯಲ್ಲಿ ಎಲ್ಲಿಡುವುದು? ಫ್ರಿಜ್ಜಿನ ಹತ್ತಿರ ತಂದರೆ ನಮ್ಮಮ್ಮ ಡಬ್ಬಿಯೊಂದಿಗೆ ನನ್ನನ್ನೂ ಹೊರಹಾಕಿಯಾರು.

ಉತ್ತರ 2 (ಶಿವಮೊಗ್ಗ):
ನೆದರ್ಲೆಂಡ್ಸಿನಲ್ಲಿ 909 ರೋಗಿಗಳನ್ನು ಒಂದು ವರ್ಷ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯಿಂದ ನಿಗಾದಲ್ಲಿದ್ದವರು ಆಸ್ಪತ್ರೆಗೆ ಬಂದದ್ದೂ ದಾಖಲಾದದ್ದೂ ಕಡಿಮೆ. ಹಾಗಿದ್ದೂ ಆರೈಕೆಯ ಗುಣಮಟ್ಟಕ್ಕೆ ಅವರು ಕೊಟ್ಟ ಅಂಕ ಉಳಿದವರಿಗಿಂತ ಹಿಂದೆ ಬೀಳಲಿಲ್ಲ. ಕ್ಯಾಲ್‌ಪ್ರೊಟೆಕ್ಟಿನ್ ಬಿಳಿ ರಕ್ತಕಣಗಳ ಪ್ರೋಟೀನು. ಒಂದು ಗ್ರಾಂ ಮಲದಲ್ಲಿ 50 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವೆಂದೂ, 250 ದಾಟಿದರೆ ಕರುಳಿನಲ್ಲಿ ಉರಿಯೂತವಿರುವ ಸಂಭವ ಹೆಚ್ಚೆಂದೂ ಲೆಕ್ಕ. ಹೊಟ್ಟೆ ಒತ್ತಿದರೆ ತಿಳಿಯದ್ದನ್ನೂ ಇದು ತೋರಿಸಬಲ್ಲದೆಂದು ತಂದೆಯವರಿಗೆ ಹೇಳಿ ನೋಡಿ. ಆದರೆ ಕಾಯಿಲೆ ಶುರುವಾಗಿ 8 ವರ್ಷ ಕಳೆದಿದ್ದರೆ ಕ್ಯಾನ್ಸರ್ ತಪಾಸಣೆಯ ಕೊಲೊನೊಸ್ಕೋಪಿಗೆ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಕೊಳವೆ ಹಾಯಿಸಿ ನೋಡುವ ಪರೀಕ್ಷೆ) ಆಸ್ಪತ್ರೆಗೆ ಬರಲೇಬೇಕು.

ಉತ್ತರ 3 (ಹೊಸನಗರ):
ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುವ ನಮ್ಮ ಕಡೆ ಬರೀ ಆ್ಯಪ್ ನಂಬುವಂತಿಲ್ಲ. ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ರಕ್ತ ಹೆಚ್ಚಾದರೆ ಯಾವ ನಂಬರಿಗೆ ಕರೆ ಮಾಡಬೇಕೆಂದು ಈಗಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಆರು ತಿಂಗಳಿಗೊಮ್ಮೆ ಖುದ್ದಾಗಿ ತೋರಿಸಿ, ನಡುವೆ ಮೊಬೈಲಿನಲ್ಲಿ ತಿಳಿಸೋಣವೆಂದು ಇಂದು ತಂದೆಯವರ ಮುಂದಿಟ್ಟೆ. ಒಪ್ಪಿದೆನೆನ್ನಲಿಲ್ಲ, ಕರೆ ಮಾಡುವ ನರ್ಸ್ ಕನ್ನಡದವರೇ ಎಂದಷ್ಟೇ ಕೇಳಿದರು.