ಅಂತರರಾಷ್ಟ್ರೀಯ ಕ್ರಿಮಿನಲ್ ಟ್ರಿಬ್ಯೂನಲ್‌ನಲ್ಲಿ ಕೋರ್ಟ್ ಆಫೀಸರ್ ಕೆಲಸ ಹೇಗಿರುತ್ತೆ? ಮಾಡಿದೋರು ದಯವಿಟ್ಟು ಹೇಳಿ

ನಮಸ್ಕಾರ ಎಲ್ರಿಗೂ. ಲಾ ಮುಗಿಸಿ ನಾಲ್ಕು ವರ್ಷ ಆಯ್ತು. ಹೇಗ್‌ನಲ್ಲಿರೋ ಒಂದು ಟ್ರಿಬ್ಯೂನಲ್‌ನ ರಿಜಿಸ್ಟ್ರಿಯಿಂದ (ಕೋರ್ಟಿನ ಆಡಳಿತ ವಿಭಾಗ) ಕೋರ್ಟ್ ಆಫೀಸರ್ ಪೋಸ್ಟಿಗೆ ಟೆಸ್ಟು, ಇಂಟರ್‌ವ್ಯೂ ಅಂತ ಕರೆದಿದಾರೆ. ಜಾಹೀರಾತು ಓದಿದ್ರೆ ಬರೀ ಫೈಲಿಂಗು, ಎಕ್ಸಿಬಿಟ್ (ಕೋರ್ಟಿಗೆ ಕೊಡೋ ಸಾಕ್ಷ್ಯದ ಕಾಗದ, ಫೋಟೋ) ನಂಬರು ಅಂತ ಇದೆ. ಇದು ಲಾಯರ್ ಕೆಲಸಾನಾ, ಗುಮಾಸ್ತರ ಕೆಲಸಾನಾ? ದಿನಾ ಕೊಲೆ, ಅತ್ಯಾಚಾರದ ಸಾಕ್ಷಿ ಕೇಳ್ತಾ ಕೂತ್ರೆ ಮನಸ್ಸು ತಡ್ಕೊಳ್ಳುತ್ತಾ? ನನ್ನ ಫ್ರೆಂಚ್ ಅಷ್ಟಕ್ಕಷ್ಟೇ. ಅನುಭವ ಇದ್ದೋರು ಬರೀರಿ ಪ್ಲೀಸ್.

*

ನಾನು ಆರು ವರ್ಷ ಈ ಕೆಲಸ ಮಾಡಿದೀನಿ, ಯಾವ ಟ್ರಿಬ್ಯೂನಲ್ ಅಂತ ಬರೆಯಲ್ಲ, ಯಾಕಂದ್ರೆ ಗೌಪ್ಯತೆ ಕಾಪಾಡೋ ಜವಾಬ್ದಾರಿ ಕೆಲಸ ಬಿಟ್ಟ ಮೇಲೂ ಬಿಡಲ್ಲ. ಲಾಯರಾ ಗುಮಾಸ್ತರಾ ಅನ್ನೋ ಪ್ರಶ್ನೆ ನನಗೂ ಮೊದಲ ತಿಂಗಳು ಕಾಡಿತ್ತು. ಕೋರ್ಟಲ್ಲಿ ನಿಮ್ಮ ಜಾಗ ಜಡ್ಜ್‌ಗಳ ಬೆಂಚಿನ ಮುಂದೆ, ಒಂದು ಮೆಟ್ಟಿಲು ಕೆಳಗೆ. ಕಲಾಪ ಶುರುವಾದಾಗ ಕೇಸ್ ಕೂಗೋದು ನೀವು. ಆಮೇಲೆ ಒಂದೂವರೆ ಗಂಟೆ ಒಂದೇ ಸಮ ಕಿವಿ ಸಾಕ್ಷಿ ಮೇಲೆ, ಕಣ್ಣು ಸ್ಕ್ರೀನ್ ಮೇಲೆ ಓಡ್ತಿರೋ ಟ್ರಾನ್ಸ್‌ಕ್ರಿಪ್ಟ್ ಮೇಲೆ, ಕೈ ಎಕ್ಸಿಬಿಟ್ ಪಟ್ಟಿ ಮೇಲೆ, ಮಧ್ಯದಲ್ಲಿ ಪ್ರಿಸೈಡಿಂಗ್ ಜಡ್ಜ್ ತಿರುಗಿ ಈ ಡಾಕ್ಯುಮೆಂಟ್ ಆಗ್ಲೇ ಸಾಕ್ಷ್ಯ ಅಂತ ಅಡ್ಮಿಟ್ ಆಗಿದೆಯಾ ಇಲ್ಲ ಬರೀ ಗುರುತಿಗೆ ನಂಬರ್ ಕೊಟ್ಟಿದ್ದಾ ಅಂತ ಕೇಳ್ತಾರೆ, ಅಲ್ಲೇ ಆ ಕ್ಷಣವೇ ಉತ್ತರ ಹೇಳ್ಬೇಕು, ನೋಡಿ ಹೇಳ್ತೀನಿ ಅಂದ್ರೆ ಇಡೀ ಕೋರ್ಟು ನಿಮಗೋಸ್ಕರ ಕಾಯುತ್ತೆ.

ನಂಬರ್ ಕೊಡೋದು ಅಂದ್ರೆ ಹಗುರ ಅನ್ಸುತ್ತೆ. ಯುಗೊಸ್ಲಾವಿಯ ಟ್ರಿಬ್ಯೂನಲ್‌ನಲ್ಲಿ ಬೋಸ್ನಿಯಾದ ಸರ್ಬ್ ನಾಯಕ ಕರಾಜಿಚ್ ಮೇಲಿದ್ದ ಕೇಸ್ ನೋಡಿ, 2016ರ ಮಾರ್ಚಲ್ಲಿ ತೀರ್ಪು ಬಂತಲ್ಲ, ಅದೊಂದರಲ್ಲೇ 11 ಸಾವಿರಕ್ಕೂ ಹೆಚ್ಚು ಎಕ್ಸಿಬಿಟ್. ಅಷ್ಟರಲ್ಲಿ ಒಂದರ ಸ್ಟೇಟಸ್ ತಪ್ಪಾಗಿ ದಾಖಲಾದ್ರೂ ವರ್ಷಗಳ ನಂತರ ಅಪೀಲಿನಲ್ಲಿ ಯಾರೋ ಅದನ್ನ ಹಿಡಿದು ಎಳೀತಾರೆ. ಅಡ್ಮಿಟ್ ಆಗದ ಕಾಗದ ತೀರ್ಪಿಗೆ ಆಧಾರ ಆಗೋ ಹಾಗಿಲ್ಲ. ಅದು ಗೊತ್ತಿದ್ದೇ ನಂಬರ್ ಕೊಡಬೇಕು, ಹಾಗಾಗಿ ಕಾನೂನು ಗೊತ್ತಿಲ್ದೋರು ಆ ಕುರ್ಚೀಲಿ ಒಂದು ದಿನಾನೂ ಕೂರಕ್ಕಾಗಲ್ಲ ಅಂತ ನಾನು ಹೇಳ್ತೀನಿ.

ಆದ್ರೆ ನಿಜವಾದ ಭಾರ ಇರೋದು ಸಾಕ್ಷಿಗಳ ರಕ್ಷಣೆಯಲ್ಲಿ. ರಕ್ಷಣೆ ಪಡೆದ ಸಾಕ್ಷಿಗೆ ಕೋರ್ಟಲ್ಲಿ ಹೆಸರು ಇರಲ್ಲ, ಅಕ್ಷರವೋ ನಂಬರೋ ಇರುತ್ತೆ, ಮುಖ ಮಸುಕು ಮಾಡಿರ್ತಾರೆ, ದನಿ ಬದಲಾಯಿಸಿರ್ತಾರೆ. ಗುರುತು ಸಿಗೋ ವಿಷಯ ಬಂದಾಗ ಪ್ರೈವೇಟ್ ಸೆಷನ್ನಿಗೆ ಹೋಗ್ತೀವಿ, ಆಗ ಗ್ಯಾಲರಿಯಲ್ಲಿ ಕೂತೋರಿಗೆ ಒಳಗಿನದು ಕಾಣುತ್ತೆ, ಕೇಳಿಸಲ್ಲ. ಕ್ಲೋಸ್ಡ್ ಸೆಷನ್ ಅಂದ್ರೆ ಪರದೆನೂ ಇಳಿಯುತ್ತೆ. ಪ್ರೈವೇಟ್ ಸೆಷನ್ನಿಗೆ ಬಂದಿದೀವಿ ಅಂತ ನೀವು ಬಾಯಿಬಿಟ್ಟು ಹೇಳಿದ ಮೇಲೇನೇ ಲಾಯರು ಪ್ರಶ್ನೆ ಕೇಳ್ಬೇಕು. ಆದ್ರೆ ಲಾಯರ್‌ಗಳಿಗೆ ಅವಸರ. ಒಂದ್ಸಲ ಒಬ್ಬ ಹೆಣ್ಣುಮಗಳು ಸಾಕ್ಷಿ ಹೇಳ್ತಿದ್ರು, ಓಪನ್ ಸೆಷನ್, ಲಾಯರು ಊರಿನ ಹೆಸರು ಕೇಳಿದ್ರು, ಎರಡು ಪ್ರಶ್ನೆ ಆದ್ಮೇಲೆ ಗಂಡ ಏನು ಕೆಲಸ ಮಾಡ್ತಿದ್ರು ಅಂತ ಕೇಳಿದ್ರು, ಆಯಮ್ಮ ಹೇಳಿಬಿಟ್ರು. ಬಿಡಿಬಿಡಿಯಾಗಿ ನೋಡಿದ್ರೆ ಎರಡರಲ್ಲೂ ಏನಿಲ್ಲ, ಜೊತೆಗಿಟ್ರೆ ಆ ಊರಲ್ಲಿ ಆ ಕೆಲಸ ಮಾಡ್ತಿದ್ದೋನು ಒಬ್ನೇ. ಯಾರೂ ಎದ್ದು ನಿಲ್ಲಲಿಲ್ಲ, ಪ್ರಾಸಿಕ್ಯೂಷನ್ನೂ ಗಮನಿಸಲಿಲ್ಲ. ಪ್ರಸಾರ ಅರ್ಧ ಗಂಟೆ ತಡವಾಗಿ ಹೋಗುತ್ತೆ, ಅದನ್ನ ಇಟ್ಟಿರೋದೇ ಇಂಥದಕ್ಕೆ. ನಾನು ಪುಟ, ಸಾಲು ಬರ್ಕೊಂಡು ಜಡ್ಜಿಗೆ ಚೀಟಿ ಕಳಿಸಿ, ಆ ಮಾತುಗಳನ್ನ ತೆಗೆಯೋ ರಿಡ್ಯಾಕ್ಷನ್ ಆರ್ಡರ್ ತಯಾರು ಮಾಡಿ ಸಹಿ ಹಾಕಿಸಿ, ಆಡಿಯೋ ವಿಡಿಯೋ ಬೂತಿಗೆ ತಲುಪಿಸೋವಾಗ ಇನ್ನು ಹನ್ನೊಂದು ನಿಮಿಷ ಉಳಿದಿತ್ತು. ಆ ಹನ್ನೊಂದು ನಿಮಿಷ ನನಗೆ ಇವತ್ತಿಗೂ ನೆನಪಿದೆ. ಆಯಮ್ಮಂಗೆ ಏನೂ ಗೊತ್ತಾಗಲಿಲ್ಲ, ಸಾಕ್ಷಿ ಮುಗಿಸಿ ನಮಗೆಲ್ಲ ತಲೆಬಾಗಿ ಹೊರಟ್ರು. ಅವರು ಕ್ಷೇಮವಾಗಿ ಊರಿಗೆ ಹೋದ್ರಲ್ಲ, ಅದರಲ್ಲಿ ನನ್ನದೂ ಒಂದು ಪಾಲಿದೆ ಅಂತ ಎದೆ ತಟ್ಟಿ ಹೇಳ್ತೀನಿ. ಇದನ್ನ ಗುಮಾಸ್ತರ ಕೆಲಸ ಅನ್ನೋರು ಅನ್ಕೊಳ್ಳಲಿ.

*

ಮೇಲಿನೋರು ಬರೆದಿದ್ದಕ್ಕೆ ಭಾಷೆ ವಿಷಯ ಸೇರಿಸ್ತೀನಿ. ನಾನಿದ್ದದ್ದು ಟಾಂಜಾನಿಯಾದ ಆರುಷಾದಲ್ಲಿ, ರುವಾಂಡಾ ಟ್ರಿಬ್ಯೂನಲ್ (ರುವಾಂಡಾ ನರಮೇಧದ ವಿಚಾರಣೆಗೆ 1994ರಲ್ಲಿ ಭದ್ರತಾ ಮಂಡಳಿ ಸ್ಥಾಪಿಸಿದ್ದು, 2015ರ ಕೊನೆಗೆ ಮುಚ್ಚಿತು). ಸಾಕ್ಷಿ ಹೇಳೋದು ಕಿನ್ಯಾರ್ವಾಂಡಾದಲ್ಲಿ, ಅದು ಫ್ರೆಂಚಿಗೆ ಹೋಗಿ ಫ್ರೆಂಚಿಂದ ಇಂಗ್ಲಿಷಿಗೆ ಬರೋದು. ಇಂಗ್ಲಿಷ್ ಕೇಳ್ತಿರೋ ಲಾಯರು ಉತ್ತರ ಮುಗೀತು ಅಂತ ಮುಂದಿನ ಪ್ರಶ್ನೆ ಎಸೆದ್ರೆ ಸಾಕ್ಷಿ ಇನ್ನೂ ಮಾತಾಡ್ತಾನೇ ಇರ್ತಾರೆ, ಎರಡು ದನಿ ಒಂದರ ಮೇಲೊಂದು ಬಿದ್ದು ದಾಖಲೆಯಲ್ಲಿ ಎರಡೂ ಇರಲ್ಲ. ಆಮೇಲೆ ಎಷ್ಟು ತಡಕಾಡಿದ್ರೂ ಆ ಮಾತು ಸಿಗಲ್ಲ. ಅದಕ್ಕೇ ನಾನು ಇಂಟರ್‌ಪ್ರಿಟರ್‌ಗಳ ಬೂತ್ ಕಡೆ ಒಂದು ಕಣ್ಣಿಟ್ಟೇ ಇರ್ತಿದ್ದೆ, ಅವರು ಕೈ ಎತ್ತಿದ್ರೆ ಯಾರೋ ವೇಗ ಜಾಸ್ತಿ ಮಾಡಿದಾರೆ ಅಂತ ಅರ್ಥ, ಜಡ್ಜಿಗೆ ಹೇಳಿ ನಿಲ್ಲಿಸ್ಬೇಕು. ಕೋರ್ಟ್ ಆಫೀಸರ್‌ಗೆ ಇಂಟರ್‌ಪ್ರಿಟರ್‌ಗಳಿಗಿಂತ ಒಳ್ಳೆ ಗೆಳೆಯರಿಲ್ಲ, ಅವರ ಜೊತೆ ದಿನಾ ಮಾತಾಡಿ, ಕೇಸಲ್ಲಿ ಬರೋ ಊರುಗಳ ಹೆಸರು, ಮಿಲಿಟರಿ ಪದಗಳ ಪಟ್ಟಿ ಮುಂಚೇನೇ ಕೊಡಿ.

ಆ ಕೋರ್ಟಲ್ಲಿ 1998ರ ಸೆಪ್ಟೆಂಬರ್ 2ಕ್ಕೆ ರುವಾಂಡಾದಲ್ಲಿ ಮೇಯರ್ ಆಗಿದ್ದ ಅಕಾಯೆಸು ಮೇಲಿನ ತೀರ್ಪು ಬಂತು, ಅತ್ಯಾಚಾರನೂ ನರಮೇಧದ ಭಾಗ ಆಗಬಹುದು ಅಂತ ಮೊದಲ ಸಲ ಹೇಳಿದ ತೀರ್ಪು. ನಾನು ಸೇರಿದ್ದು ಅದಾದ ಮೇಲೆ. ಬಿಡುವಿದ್ದಾಗ ಅದರ ಟ್ರಾನ್ಸ್‌ಕ್ರಿಪ್ಟ್ ಓದ್ತಿದ್ದೆ. ಆ ಹೆಣ್ಣುಮಕ್ಕಳ ಮಾತು ಮೂರು ಭಾಷೆ ದಾಟಿ ಕಾಗದದ ಮೇಲೆ ಸರಿಯಾಗಿ ಕೂತಿದ್ದಕ್ಕೇ ಆ ತೀರ್ಪು ನಿಂತಿದ್ದು ಅಂತ ನನ್ನ ನಂಬಿಕೆ.

*

ಮನಸ್ಸು ತಡ್ಕೊಳ್ಳುತ್ತಾ ಅಂತ ಕೇಳಿದ್ರಲ್ಲ, ಅದಕ್ಕೆ ಮಾತ್ರ ಉತ್ತರ ಕೊಡ್ತೀನಿ. ಕೋರ್ಟಲ್ಲಿ ಕೂತಾಗ ತಡ್ಕೊಳ್ಳುತ್ತೆ, ಕೆಲಸ ಅಷ್ಟಿರುತ್ತೆ. ಆಮೇಲೆ ರಾತ್ರಿ ಬರುತ್ತೆ. ನನಗೆ ಕಾಡಿದ್ದು ಕೊಲೆಯ ವಿವರಗಳಲ್ಲ, ಒಬ್ಬ ಅಪ್ಪ ಮಗನ ಶರ್ಟಿನ ಬಣ್ಣ ಹೇಳಿದ್ದು. ಹೂತ ಜಾಗ ಅಗೆದಾಗ ಆ ಬಣ್ಣ ನೋಡಿಯೇ ಗುರುತು ಹಿಡಿದಿದ್ದಂತೆ. ಫೋಟೋ ಎಕ್ಸಿಬಿಟ್ ಆಗಿ ಬಂತು, ನಾನೇ ನಂಬರ್ ಕೊಟ್ಟೆ, ದನಿ ನಡುಗಬಾರದು ಅಂತ ನಂಬರನ್ನ ಒಂದೊಂದೇ ಅಂಕಿ ಮಾಡಿ ಓದಿದೆ. ಅಳೋ ಹಾಗಿಲ್ಲ, ಆರೋಪಿ ಕಡೆ ಸಿಟ್ಟಿನಿಂದ ನೋಡೋ ಹಾಗಿಲ್ಲ, ಯಾಕಂದ್ರೆ ನೀವು ರಿಜಿಸ್ಟ್ರಿ, ಎರಡೂ ಪಕ್ಷಕ್ಕೆ ಸಮ. ಡಿಫೆನ್ಸ್ ಲಾಯರಿಗೆ ಒಂದು ಕಾಗದ ಬೇಕು ಅಂದ್ರೆ ಪ್ರಾಸಿಕ್ಯೂಷನ್ನಿಗೆ ಕೊಟ್ಟಷ್ಟೇ ಬೇಗ ಕೊಡ್ಬೇಕು. ಇದು ನನಗೆ ತುಂಬಾ ಕಷ್ಟ ಆಯ್ತು, ಆದ್ರೆ ಆ ಅಪ್ಪನಿಗೆ ನಾವು ಕೊಡಬಹುದಾಗಿದ್ದೂ ಅದೇ, ನಾಳೆ ಯಾರೂ ಬೆರಳು ತೋರ್ಸೋಕೆ ಆಗದಂಥ ವಿಚಾರಣೆ.

ಕೌನ್ಸೆಲರ್ ಇರ್ತಾರೆ, ಮೊದಲ ವಾರವೇ ಹೋಗಿ ಭೇಟಿ ಮಾಡಿ, ತೊಂದರೆ ಆಗಲಿ ಅಂತ ಕಾಯ್ಬೇಡಿ. ನಾನು ಎರಡು ವರ್ಷ ಕಾದೆ, ನಿದ್ದೆ ಹಾಳಾದ ಮೇಲೆ ಹೋದೆ. ಎಲ್ಲಾ ಗೌಪ್ಯ ಆಗಿರೋದ್ರಿಂದ ಮನೆಯವರ ಹತ್ರನೂ ಹೇಳೋ ಹಾಗಿಲ್ಲ, ಅದೇ ಹೆಚ್ಚು ಒಂಟಿ ಮಾಡೋದು. ಕೋರ್ಟ್ ರೂಮಲ್ಲಿ ಏನೇನು ಆಗಬಹುದು ಅಂತಾನೂ ತಿಳ್ಕೊಂಡಿರಿ, 2017ರ ನವೆಂಬರ್ 29ಕ್ಕೆ ಯುಗೊಸ್ಲಾವಿಯ ಟ್ರಿಬ್ಯೂನಲ್‌ನಲ್ಲಿ ಅಪೀಲ್ ತೀರ್ಪು ಓದ್ತಿರೋವಾಗಲೇ ಅಪರಾಧಿ, ಬೋಸ್ನಿಯಾ ಕ್ರೊಯೇಟ್ ಪಡೆಯ ಜನರಲ್ ಆಗಿದ್ದ ಪ್ರಾಲ್ಯಾಕ್ ವಿಷ ಕುಡಿದಿದ್ದು ನೇರ ಪ್ರಸಾರದಲ್ಲಿ ಹೋಗಿತ್ತು. ಅಲ್ಲಿ ಕೂತಿದ್ದ ಸಿಬ್ಬಂದಿನೂ ನಮ್ಮಂಥೋರೇ.

*

ಪ್ರಾಕ್ಟಿಕಲ್ ವಿಷಯ ಯಾರೂ ಹೇಳಿಲ್ಲ. ಕಾಂಟ್ರಾಕ್ಟು ನಿಗದಿತ ಅವಧಿಗೆ. ಯುಗೊಸ್ಲಾವಿಯ ಟ್ರಿಬ್ಯೂನಲ್ 1993ರಿಂದ 2017ರವರೆಗೆ 161 ಜನರ ಮೇಲೆ ದೋಷಾರೋಪ ಹೊರಿಸಿತ್ತು, ಆದ್ರೂ ಕೊನೆ ವರ್ಷಗಳಲ್ಲಿ ಕೇಸು ಮುಗಿದ ಹಾಗೆ ಹುದ್ದೆಗಳೂ ಹೋಗ್ತಾ ಬಂದ್ವು. ಕಾಯಂ ಆಗಿ ಇರೋದು ಐಸಿಸಿ (ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟ್) ಒಂದೇ, ಅದನ್ನ ಸ್ಥಾಪಿಸಿದ ಒಪ್ಪಂದ ಆದ ರೋಮ್ ಶಾಸನ 2002ರ ಜುಲೈ 1ಕ್ಕೆ ಜಾರಿಗೆ ಬಂದಾಗಿನಿಂದ. ಅಲ್ಲಿ ಸದಸ್ಯ ದೇಶಗಳೋರಿಗೆ ಆದ್ಯತೆ, ಬೇರೆಯೋರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಅಲ್ಲಿ ಇಂಗ್ಲಿಷ್, ಫ್ರೆಂಚ್ ಎರಡೂ ಕೆಲಸದ ಭಾಷೆ, ನಿಮ್ಮ ಫ್ರೆಂಚ್ ಮಾತಾಡೋಕೆ ಬರದಿದ್ರೂ ಒಂದು ಅರ್ಜಿ ಓದಿ ಅದು ಪಬ್ಲಿಕ್ಕಾ ಕಾನ್ಫಿಡೆನ್ಷಿಯಲ್ಲಾ, ಯಾರಿಗೆ ತಲುಪಬೇಕು ಯಾರಿಗೆ ತಲುಪಲೇಬಾರದು ಅಂತ ಗೊತ್ತಾಗುವಷ್ಟು ಇರ್ಲೇಬೇಕು. ಒಂದು ಪಕ್ಷಕ್ಕೆ ಮಾತ್ರ ಮೀಸಲಾದ ಕಾಗದ ತಪ್ಪಿ ಇನ್ನೊಂದು ಪಕ್ಷಕ್ಕೆ ಹೋದ್ರೆ ವಾಪಸ್ ತಗೊಳ್ಳೋಕಾಗಲ್ಲ, ಓದಿದ್ದು ಓದಿದ್ದೇ. ಸಂಜೆ 4ಕ್ಕೆ ಫೈಲಿಂಗ್ ಮುಚ್ಚುತ್ತೆ ಅಂತ ನಿಯಮ, ಹಾಗಾಗಿ ಮೂರೂವರೆಯಿಂದ ನಾಲ್ಕರವರೆಗೆ ಯಾರಿಗೂ ಟೈಮ್ ಕೊಡಬೇಡಿ.

*

ಕೇಳಿದೋಳು ನಾನೇ. ಎಲ್ರಿಗೂ ತುಂಬಾ ಥ್ಯಾಂಕ್ಸ್, ಶರ್ಟಿನ ಬಣ್ಣದ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಹೋಗೋದು ಅಂತ ತೀರ್ಮಾನ ಮಾಡಿದೀನಿ. ಟೆಸ್ಟಲ್ಲಿ ಏನು ಕೇಳಬಹುದು?

*

ಮೊದಲು ಉತ್ತರ ಬರೆದೋನು ನಾನು. ಖುಷಿ ಆಯ್ತಮ್ಮ. ನನಗೆ ಕೊಟ್ಟಿದ್ದು ಟ್ರಾನ್ಸ್‌ಕ್ರಿಪ್ಟಿನ ನಾಲ್ಕು ಪುಟ, ಜೊತೆಗೆ ಸಾಕ್ಷಿಯ ರಕ್ಷಣಾ ಆದೇಶ, ಯಾವ ಸಾಲು ತೆಗೀಬೇಕು ಯಾಕೆ ಅಂತ ಬರೀಬೇಕಿತ್ತು. ಹೆಸರು ಹುಡುಕ್ತಾ ಕೂರ್ಬೇಡ, ಹೆಸರನ್ನ ಎಲ್ರೂ ಹಿಡೀತಾರೆ. ವಯಸ್ಸು, ಊರು, ಆಸ್ಪತ್ರೆಗೆ ಹೋದ ದಿನ, ಎಷ್ಟು ಮಕ್ಕಳು, ಯಾವ ಬೀದಿ, ಇವು ಬೇರೆ ಬೇರೆ ಪುಟದಲ್ಲಿ ಒಂದೊಂದೇ ಇರುತ್ತೆ, ಒಂದು ಹಾಳೆ ಮೇಲೆ ಜೊತೆಗೆ ಬರ್ಕೊಂಡು ಆ ಊರಿನೋರು ಓದಿದ್ರೆ ಗೊತ್ತಾಗುತ್ತಾ ನೋಡು. ಹಾಗಂತ ಪೂರ್ತಿ ಪುಟ ಕಪ್ಪು ಮಾಡಿದ್ರೂ ಮಾರ್ಕ್ಸ್ ಹೋಗುತ್ತೆ, ಜನ ನೋಡಬೇಕಾದ ವಿಚಾರಣೆ ಅದು, ಎಷ್ಟು ಕಮ್ಮಿ ಸಾಲು ತೆಗೆದು ಆ ಸಾಕ್ಷಿಯನ್ನ ಕಾಪಾಡಬಹುದೋ ಅಷ್ಟೇ ತೆಗಿ.